ಹರಿಯದ ಕಾಗದ

ಕಾಗಾಲಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ರಮಾನಂದ ಎದುರಿನ ಸೀಟಿನ ಬೆನ್ನಿಗೆ ಯಾರೋ ಅಂಟಿಸಿದ ಚೀಟಿಯನ್ನು ಓದಿದ. ಮೂಲವ್ಯಾಧಿಗೆ ಗ್ಯಾರಂಟಿ ಔಷಧಿ. ವ್ಯಾಧಿಯ ಧಿಗೆ ಹೊಟ್ಟೆ ಸೀಳಿರಲಿಲ್ಲ, ಬರೀ ದಿ ಆಗಿ ಕೂತಿತ್ತು. ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದವರ ಹೆಸರಿತ್ತು, ಅದನ್ನೂ ಓದಿದ. ಓದಿ ಮುಗಿದ ಮೇಲೆ, ತಾನು ಓದಿದ್ದನ್ನು ಯಾರಾದರೂ ನೋಡಿದರೇನೋ ಎಂದು ಗಾಬರಿಯಾಗಿ, ಕಣ್ಣು ಕಿರಿದು ಮಾಡಿಕೊಂಡು, ಏನೂ ಸರಿಯಾಗಿ ಕಾಣದವನ ಹಾಗೆ ಹೊರಗೆ ನೋಡತೊಡಗಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇಲ್ಲಿ ಕಳ್ಳ ಎಂದೂ ಯಾರೂ ಅಂದಿರಲಿಲ್ಲ. ಬಸ್ಸಿನಲ್ಲಿದ್ದವರು ಹನ್ನೆರಡು ಜನ, ಅವರಲ್ಲಿ ಮೂವರು ನಿದ್ದೆ ಮಾಡುತ್ತಿದ್ದರು. ಕಿಸೆಯಲ್ಲಿ ಫೋನು ನಡುಗಿತು. ತೆಗೆದು ನೋಡಿದರೆ ಪರದೆಯ ತುಂಬ ಒಂದನೇ ಇಯತ್ತೆಯ ಪುಸ್ತಕದಲ್ಲಿರುವಂಥ ದಪ್ಪ ದಪ್ಪ ಅಕ್ಷರಗಳು: ನಾಳೆ ಹನ್ನೊಂದಕ್ಕೆ ಹೊನ್ನಾವರ, ಮರೀಬೇಡಿ ಮಾಮ. ಪಕ್ಕದಲ್ಲಿ ಖಾಲಿ ಮೀನುಬುಟ್ಟಿಯನ್ನು ಕಾಲ ನಡುವೆ ಇಟ್ಟುಕೊಂಡು ಕೂತಿದ್ದ ಹೆಂಗಸು ಅವನಿಗಿಂತ ಮೊದಲೇ ಅದನ್ನು ಓದಿ ಮುಗಿಸಿ, “ಹೊನ್ನಾವರಕ್ಕೆ ಎಂತಕೆ, ಕಣ್ಣಿಗಾ?” ಎಂದು ಕೇಳಿದಳು. ಅವನು ಹೌದೆಂದೂ ಅಲ್ಲವೆಂದೂ ಆಗುವಂತೆ ತಲೆ ಆಡಿಸಿದ. “ಪೊರೆ ಬಂದದ್ದಾದ್ರೆ ಬೇಗ ತೆಗಸಿಬಿಡಿ. ನಮ್ಮ ಅತ್ತೆಗೂ ತೆಗೆದ್ರು. ಈಗ ಬಾಳೆ ಎಲೆಯೊಳಗೆ ಮೀನಿನ ಮುಳ್ಳು ಕಾಣ್ತದೆ ಹೇಳಿ ಖುಷಿ ಅವ್ರಿಗೆ” ಎಂದು ಆಕೆ ಸಮಾಧಾನ ಹೇಳಿದಳು. ಅವಳ ಕಿವಿಯದು ಏಳು ಕಲ್ಲಿನ ಓಲೆ, ಒಂದು ಬಿದ್ದುಹೋಗಿ ಆ ಜಾಗದಲ್ಲಿ ಸೋಪಿನ ಬಿಳಿ ಕಟ್ಟಿತ್ತು. ಅಷ್ಟೆಲ್ಲ ಕಾಣುತ್ತಿದ್ದ ತನ್ನ ಕಣ್ಣುಗಳನ್ನು ಅವನು ಮುಚ್ಚಿಕೊಂಡ.

ಫೋನಿನ ಅಕ್ಷರ ದೊಡ್ಡದು ಮಾಡಿಕೊಟ್ಟವಳು ಪ್ರಣಿತಾ. ಕುಮಟೆಯಲ್ಲಿ ಅವನು ಕರಡು ತಿದ್ದುವ ಪ್ರೆಸ್ಸಿನ ಯಜಮಾನತಿ, ತೀರಿಹೋದ ವೆಂಕಟ ಪ್ರಭುಗಳ ಮಗಳು. “ಕೊಡಿ ಮಾಮ ಇಲ್ಲಿ” ಎಂದು ಅವನ ಕೈಯಿಂದ ಫೋನು ತೆಗೆದುಕೊಂಡು, ಬೆರಳಿನಿಂದ ಎರಡು ಸಲ ತೀಡಿ, “ಈಗ ಕಾಣ್ತದಲ್ಲ?” ಎಂದು ಜೋರಾಗಿ ಕೇಳಿದ್ದಳು. ಕಣ್ಣು ಮಂದವಾದವನಿಗೆ ಕಿವಿಯೂ ಮಂದ ಎಂದು ಜನ ಯಾಕೆ ತಿಳಿಯುತ್ತಾರೋ. ಅವಳು ಅಚ್ಚಿನ ಮೊಳೆಪೆಟ್ಟಿಗೆಗಳ ಕೆಳಗೆ ಕೂತು ಸೀಸದ ಅಕ್ಷರಗಳನ್ನು ಸಾಲಾಗಿ ನಿಲ್ಲಿಸಿ ಆಡುತ್ತಿದ್ದಾಗ ರಮಾನಂದ ಅವಳನ್ನು ಪುಟ್ಟಿ ಎನ್ನುತ್ತಿದ್ದ. ಯಜಮಾನತಿಯಾದ ಮೇಲೆ ಪುಟ್ಟಿ ಎನ್ನುವಂತಿಲ್ಲ. ಮೇಡಂ ಎನ್ನಲು ನಾಲಗೆ ಏಳುವುದಿಲ್ಲ. ಹಾಗಾಗಿ ಮೂರು ವರ್ಷದಿಂದ ಅವಳನ್ನು ಅವನು ಏನೂ ಕರೆದಿಲ್ಲ. ಮಾತಾಡಬೇಕಾದರೆ ಅವಳು ತಿರುಗುವವರೆಗೆ ಕೆಮ್ಮುತ್ತಾನೆ. ಅವಳು ಕೆಟ್ಟವಳಲ್ಲ, ತೊಂದರೆ ಇರುವುದೇ ಅಲ್ಲಿ. ಮದುವೆಯ ಕರೆಯೋಲೆಗಳೆಲ್ಲ ವಾಟ್ಸಾಪಿನ ವಿಡಿಯೋ ಆಗಿಹೋಗಿ, ಫ್ಲೆಕ್ಸಿಗೆ ದಂಡ ಬೀಳತೊಡಗಿ, ಅದೇ ರಸ್ತೆಯ ಇನ್ನೆರಡು ಪ್ರೆಸ್ಸು ಬಾಗಿಲು ಹಾಕಿ ಒಂದು ಮೊಬೈಲಿನಂಗಡಿಯೂ ಇನ್ನೊಂದು ಜ್ಯೂಸಿನಂಗಡಿಯೂ ಆದಾಗ, ಈ ಹುಡುಗಿ ಹೆದರದೆ ನಿಂತಳು. ಕಂಪ್ಯೂಟರಿನಲ್ಲಿ ಹತ್ತು ಮಾದರಿ ಮಾಡಿಟ್ಟುಕೊಂಡಳು. ಗಿರಾಕಿಗಳು ಪ್ರೆಸ್ಸಿನ ಮೆಟ್ಟಿಲು ಹತ್ತದೆ ಮನೆಯಲ್ಲೇ ಕೂತು ಫೋನಿನಲ್ಲಿ ಆರಿಸಬಹುದು. ಫ್ಲೆಕ್ಸಿನ ಬದಲು ಬಟ್ಟೆಯ ಬ್ಯಾನರು. ಮತ್ತೆ, ಎಲ್ಲಿಂದಲೋ ತರಿಸಿದ ಬೀಜದ ಕಾಗದ. ಹಳೆ ಬಟ್ಟೆಯ ನಾರಿನಿಂದ ಮಾಡಿದ್ದು, ಒಳಗೆ ತುಳಸಿಯ ಬೀಜ ಸೇರಿಸಿದ್ದು. ಓದಿ ಮುಗಿದ ಮೇಲೆ ಮಣ್ಣಿಗೆ ಹಾಕಿ ನೀರೆರೆದರೆ ಗಿಡವಾಗುತ್ತದೆ. ಮುರ್ಡೇಶ್ವರದ ಕಡೆಯ ರೆಸಾರ್ಟಿನವರು ಮೆಚ್ಚಿದರು, ಮದುವೆಯವರು ಮೆಚ್ಚಿದರು. ಮೂರು ಜನರ ಸಂಬಳ ಆ ಕಾಗದದಿಂದಲೇ ಹುಟ್ಟುತ್ತಿತ್ತು, ಅವರಲ್ಲಿ ಒಬ್ಬ ರಮಾನಂದ. ಬೇರೆ ಬೇರೆ ಕಾಗದ ಇಟ್ಟುಕೊಳ್ಳುವುದು ಬೇಡ, ಎಲ್ಲದಕ್ಕೂ ಇದೇ ಒಂದು ಇರಲಿ ಎಂದು ಅವಳು ತೀರ್ಮಾನಿಸಿದಾಗ ಅವನು ಕೆಮ್ಮಬೇಕಿತ್ತು. ಅಂದು ಕೆಮ್ಮು ಬರಲಿಲ್ಲ.

ಕರಡು ತಿದ್ದುವವನು ಓದಬಾರದು, ನೋಡಬೇಕು. ಇದು ಪ್ರಭುಗಳ ಮಾತು. ಓದಿದರೆ ಅರ್ಥ ಬಂದು ಕಣ್ಣಿಗೆ ಅಡ್ಡ ನಿಲ್ಲುತ್ತದೆ, ತಪ್ಪು ಅದರ ಹಿಂದೆ ಅಡಗಿಕೊಳ್ಳುತ್ತದೆ ಎನ್ನುತ್ತಿದ್ದರು. ಅವರೇನೂ ದೇವರಂಥವರಲ್ಲ, ಬಾಯಲ್ಲಿ ಸದಾ ಎಲೆಯಡಿಕೆಯ ಕವಳ, ಕೋಪ ಬಂದರೆ ಕವಳ ಉಗಿಯುವುದಕ್ಕೂ ಬೈಯುವುದಕ್ಕೂ ವ್ಯತ್ಯಾಸವಿಲ್ಲ. ಮೂವತ್ತೆರಡು ವರ್ಷದ ಹಿಂದೆ, ಪ್ರೆಸ್ಸು ಸೇರಿದ ಹೊಸತರಲ್ಲಿ, ರಮಾನಂದ ತನ್ನ ಶಾಲೆಯ ಗೆಳೆಯ ಮಾಬ್ಲನ ಮದುವೆಯ ಕಾಗದಕ್ಕೆ ತಾನೇ ಮೊಳೆ ಜೋಡಿಸಿದ್ದ. ಗೆಳೆಯನದೆಂಬ ಸಡಗರದಲ್ಲಿ ನೋಡುವ ಬದಲು ಓದಿದ್ದ. ಹುಡುಗಿಯ ಹೆಸರು ಕಲ್ಪನಾ ಎಂದಿದ್ದದ್ದು ಕಲ್ಲನಾ ಎಂದು ಅಚ್ಚಾಗಿ ಇನ್ನೂರು ಮನೆಗೆ ಹೋಯಿತು. ಪ್ರಭುಗಳು ಬೈಯಲಿಲ್ಲ. ಒಂದು ಕಪ್ಪು ಶಾಯಿಯ ಪೆನ್ನು ಕೊಟ್ಟು, “ಯಾರ ತಪ್ಪೋ ಅವರ ಕಾಲು” ಎಂದರು ಅಷ್ಟೇ. ಕಾಗಾಲ, ಹಿರೇಗುತ್ತಿ, ಹೊಳೆಯ ಆಚೆ ದಡ ಈಚೆ ದಡ ಎಂದು ನಾಲ್ಕು ದಿನ ಅವನು ಮನೆ ಮನೆ ಹೊಕ್ಕು ಒತ್ತಕ್ಷರವನ್ನು ಪೆನ್ನಿನಿಂದ ತಿದ್ದಿ ಬಂದ. ಮದುಮಗ ಮಾಬ್ಲ, ಅರಿಶಿನ ಹಚ್ಚಿಸಿಕೊಳ್ಳುವುದನ್ನು ಬಿಟ್ಟು, ಒಂದು ದಿನ ಪೂರ್ತಿ ಜೊತೆಗೆ ತಿರುಗಿದ. ಪ್ರತಿ ಮನೆಯಲ್ಲೂ, ಕಲ್ಲನ್ನೇ ಕಟ್ಟಿಕೊಳ್ತಾನಂತೆ ಎಂದು ಜನ ನಕ್ಕರೆ ಅವರಿಗಿಂತ ಜೋರಾಗಿ ತಾನು ನಕ್ಕ. ಅಲ್ಲಿಂದಾಚೆ ರಮಾನಂದನ ಕೈಯಿಂದ ಒಂದು ತಪ್ಪೂ ದಾಟಿಹೋಗಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತ ಮೂವತ್ತೆರಡು ವರ್ಷ. ಊರಲ್ಲಿ ಅವನಿಗೆ ಮನೆ ಸಣ್ಣದು, ಹೆಸರು ಸಣ್ಣದು, ಆದರೆ ರಮಾನಂದ ನೋಡಿದ್ದಾನೆ ಎಂದರೆ ಮುಗಿಯಿತು, ಯಾರೂ ಮತ್ತೊಮ್ಮೆ ನೋಡುತ್ತಿರಲಿಲ್ಲ.

ಬಸ್ಸು ತಿರುವಿನಲ್ಲಿ ವಾಲಿದಾಗ ಮೀನುಬುಟ್ಟಿ ಅವನ ಮೊಣಕಾಲಿಗೆ ತಾಗಿತು. ಮೂರು ನಾಲ್ಕು ವಾರದ ಹಿಂದೆ ಪ್ರೆಸ್ಸಿನಲ್ಲಿ ಹೀಗೇ ಅವನ ಮೊಣಕಾಲು ಮೇಜಿನ ಕಾಲಿಗೆ ತಾಗಿತ್ತು, ಎದ್ದು ನಿಲ್ಲುವ ಅವಸರದಲ್ಲಿ. ರೆಸಾರ್ಟಿನ ಮ್ಯಾನೇಜರ ಸಂಜಯ ಬಂದಿದ್ದ. ಬಿಳಿ ಶೂ, ಕೈಯಲ್ಲಿ ಎರಡು ಫೋನು. ಬೀಜದ ಕಾಗದ ಒರಟು, ಅದರ ಮೇಲೆ ಸಣ್ಣ ಒತ್ತಕ್ಷರಗಳು ಒಡೆಯುತ್ತವೆ, ಶ್ರೀಯ ರಕಾರ ಹಾರಿಹೋಗಿ ಶೀ ಆಗುತ್ತದೆ ಎಂದು ರಮಾನಂದ ಕಾಗದ ಹಿಡಿದು ತೋರಿಸಿದ. ಸಂಜಯ ಕಾಗದ ನೋಡಲಿಲ್ಲ, ಹಿಡಿದವನ ಉಗುರು ನೋಡಿದ. ಪ್ರಣಿತಾ ನಗುತ್ತಾ, “ಯಾರು ಮಾಮ ಈಗ ಅಷ್ಟೆಲ್ಲ ನೋಡ್ತಾರೆ? ನೀವು ಹೆಸರು, ತಾರೀಖು ಎರಡು ಸರಿ ಇದೆಯಾ ನೋಡಿ ಸಾಕು. ಉಳಿದದ್ದು ನನಗೆ ಬಿಡಿ” ಎಂದಳು. ಸಂಜಯನೂ ನಕ್ಕ. ಆ ನಗೆಯಲ್ಲಿ ವಿಷವಿರಲಿಲ್ಲ, ಅವಸರವಿತ್ತು. ಆದರೂ ರಮಾನಂದನಿಗೆ ಮುಖ ಬಿಸಿಯಾಯಿತು. ಮನೆಗೆ ಹೋಗಿ ಉಣ್ಣುವಾಗಲೂ ಬಿಸಿಯಾಗಿಯೇ ಇತ್ತು. ಹೆಸರು, ತಾರೀಖು. ಒಬ್ಬ ಮನುಷ್ಯನ ಮೂವತ್ತೆರಡು ವರ್ಷ ಎರಡು ಮಾತಿನಲ್ಲಿ ಮುಗಿಯಿತು. ಸತ್ತವನ ಫೋಟೋದ ಕೆಳಗೆ ಬರೆಯುವುದಕ್ಕೂ ಅಷ್ಟೇ ಸಾಕಲ್ಲ ಎಂದುಕೊಂಡ.

ಮಾರನೆಯ ದಿನ ಮಧ್ಯಾಹ್ನ ಚಹದಂಗಡಿಯಲ್ಲಿ ಕೂತಿದ್ದಾಗ ಫೋನಿಗೆ ಒಂದು ಕರಡು ಬಂತು. ಆಗಿನ್ನೂ ಫೋನಿನ ಅಕ್ಷರ ಸಣ್ಣದಿತ್ತು. ಉತ್ತರಕ್ರಿಯೆಯ ಕಾಗದ, ಫೋಟೋದ ಜಾಗ ಇನ್ನೂ ಖಾಲಿ. ಅವನು ನೋಡಿದ. ಹೆಸರು, ಕಲ್ಪನಾ, ಲ್ಪದ ಒತ್ತು ಸರಿಯಾಗಿ ಕೂತಿದೆ. ಗಂಡನ ಹೆಸರು, ಊರು, ಸರಿ. ತಾರೀಖು ಸರಿ, ವಾರಕ್ಕೂ ತಾರೀಖಿಗೂ ತಾಳೆಯಿದೆ. ಆಮೇಲೆ ಕಣ್ಣು ತನ್ನ ರೂಢಿಯಂತೆ ಕೆಳಗಿಳಿದು ಕೊನೆಯ ಸಾಲಿಗೆ ಬಂತು. ಎರಡು ಎಲೆಯ ಚಿತ್ರದ ಪಕ್ಕ ಹಸಿರು ಅಕ್ಷರದಲ್ಲಿ, ಮದುವೆಯ ಮಾದರಿಯಿಂದ ಹಾಗೇ ಉಳಿದುಬಂದಿದ್ದ ಸಾಲು: ಈ ಪತ್ರವನ್ನು ಹರಿದು ಎಸೆಯಬೇಡಿ. ನಿಮ್ಮ ಅಂಗಳದಲ್ಲಿ ನೆಟ್ಟು ನೀರೆರೆಯಿರಿ, ನಿಮ್ಮ ಮನೆಯಲ್ಲೇ ಚಿಗುರುತ್ತದೆ. ಅವನಿಗೆ ಕಂಡಿತು. ಗ್ಲಾಸಿನಲ್ಲಿ ಅರ್ಧ ಚಹ ಇತ್ತು, ಅದು ಮುಗಿಯುವವರೆಗೆ ಆ ಸಾಲು ಅವನ ಕಣ್ಣ ಮುಂದೆಯೇ ಇತ್ತು. ಸಾವಿನ ಕಾಗದವನ್ನು ಯಾರೂ ಹೊಸ್ತಿಲು ದಾಟಿಸುವುದಿಲ್ಲ. ಅಂಗಳದಲ್ಲೇ ನಿಂತು ಓದಿ, ದಿನ ನೆನಪಿಟ್ಟುಕೊಂಡು, ಹರಿದು ಹೊರಗೆ ಹಾಕಿ, ಕಾಲು ತೊಳೆದು ಒಳಗೆ ಬರುತ್ತಾರೆ. ಇದು ಅವನಿಗೆ ಹೊಸದಾಗಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೆಸರು ಸರಿ, ತಾರೀಖು ಸರಿ, ಉಳಿದದ್ದು ನಿನಗೆ ಬಿಟ್ಟದ್ದಲ್ಲವಾ ಎಂದು ಮನಸ್ಸಿನಲ್ಲೇ ಅಂದುಕೊಂಡ. ಫೋನಿನಲ್ಲಿದ್ದ ಹಳದಿ ಹೆಬ್ಬೆಟ್ಟನ್ನು ಒತ್ತಿ ಕಳಿಸಿದ. ಓದುಬರಹ ಬಾರದವರು ಒತ್ತುವುದು ಹೆಬ್ಬೆಟ್ಟು. ಅಕ್ಷರದಲ್ಲೇ ಬದುಕಿದವನು ಒತ್ತಿದ್ದೂ ಅದನ್ನೇ. ಒತ್ತಿದ ಮೇಲೆ ಒಂದು ಬಗೆಯ ಸುಖವಾಯಿತು, ಅದನ್ನು ಅವನು ಇಲ್ಲ ಎನ್ನಲಾರ. ಸಂಜೆ ಮನೆಗೆ ನಡೆಯುವಾಗ, ದಾರಿಯಲ್ಲಿ ಎಲ್ಲೋ, ಕಲ್ಪನಾ ಎಂಬ ಹೆಸರು ಅಕ್ಷರ ಬಿಟ್ಟು ಒಬ್ಬ ಹೆಂಗಸಾಯಿತು. ಮಾಬ್ಲನ ಹೆಂಡತಿ. ಮದುವೆಯ ವರ್ಷ ತನ್ನನ್ನು ಕರೆದು ಕೂರಿಸಿ, “ನನ್ನ ಹೆಸರು ಕೆಡಿಸಿದವ್ರು ನೀವೇಯಾ?” ಎಂದು ಕೇಳಿ ಕೈತುಂಬ ಚಕ್ಕುಲಿ ಹಾಕಿದವಳು. ಅವನು ರಸ್ತೆಯ ಬದಿಗೆ ನಿಂತ. ಆಗ ಫೋನು ಮಾಡಬಹುದಿತ್ತು. ಅಚ್ಚು ಇನ್ನೂ ಆಗಿರಲಿಕ್ಕಿಲ್ಲ. ಬೆಳಿಗ್ಗೆ ಮಾಡಿದರಾಯಿತು ಎಂದುಕೊಂಡ. ಬೆಳಿಗ್ಗೆ ಅವನು ಹೋಗುವಷ್ಟರಲ್ಲಿ ನೂರೈವತ್ತು ಕಾಗದಗಳ ಕಟ್ಟನ್ನು ಕಾಗಾಲದವರು ಒಯ್ದಾಗಿತ್ತು.

ಆಮೇಲಿನದ್ದು ಊರಿಗೆಲ್ಲ ಗೊತ್ತು. ಯಾರೋ ಆ ಸಾಲಿನ ಫೋಟೋ ತೆಗೆದು ಗ್ರೂಪಿಗೆ ಹಾಕಿದರು. ಸಾವನ್ನು ಅಂಗಳದಲ್ಲಿ ನೆಡಬೇಕಂತೆ, ನಿಮ್ಮ ಮನೆಯಲ್ಲೇ ಚಿಗುರುತ್ತದಂತೆ. ಎರಡು ಮದುವೆಯವರು ಮುಂಗಡ ಕೊಟ್ಟವರೇ ಬೇಡ ಎಂದರು. ಪ್ರಣಿತಾ ಎರಡು ದಿನ ಫೋನಿನಲ್ಲಿ ಕೂತು ಒಬ್ಬೊಬ್ಬರಿಗೂ ತಪ್ಪಾಯಿತು ಎಂದಳು. ಮೊದಲ ಹತ್ತು ಜನರಿಗೆ ತಪ್ಪಾಯಿತು ಎಂದಷ್ಟೇ. ಹನ್ನೊಂದನೆಯವರು ಯಾರೋ ಜೋರು ಮಾಡಿದರೇನೋ, ಪ್ಲೈವುಡ್ಡಿನ ಗೋಡೆಯ ಈಚೆ ಕೂತಿದ್ದ ರಮಾನಂದನಿಗೆ ಅವಳ ದನಿ ತಗ್ಗಿದ್ದು ಕೇಳಿಸಿತು. “ಹಾಗಲ್ಲ, ನಮ್ಮ ರಮಾನಂದ ಮಾಮನಿಗೆ ಈಗೀಗ ಕಣ್ಣು ಸ್ವಲ್ಪ ಮಂಜು. ಅಪ್ಪನ ಕಾಲದವರು, ಬಿಡಿ ಎನ್ನಲಿಕ್ಕೆ ಆಗ್ತದಾ?” ಆಚೆಯವರು ತಣ್ಣಗಾದರು. ಮುಂದಿನ ಫೋನಿಗೆ ಅವಳು ಅಲ್ಲಿಂದಲೇ ಶುರು ಮಾಡಿದಳು. ಸಂಜೆಯೊಳಗೆ ಊರಿಗೆ ಊರೇ ಅವನ ಕಣ್ಣಿನ ಬಗ್ಗೆ ಅಯ್ಯೋ ಎನ್ನುತ್ತಿತ್ತು. ಎದ್ದು ಹೋಗಿ ನನ್ನ ಕಣ್ಣಿಗೆ ಏನೂ ಆಗಿಲ್ಲ ಎನ್ನಬೇಕು. ಎಂದರೆ, ಹಾಗಾದರೆ ಹೇಗೆ ಬಿಟ್ಟಿರಿ ಎನ್ನುತ್ತಾಳೆ. ಆ ಪ್ರಶ್ನೆಗೆ ಅವನಲ್ಲಿದ್ದದ್ದು ಒಂದೇ ಉತ್ತರ. ಕುರುಡನಾದರೆ ಕೆಲಸ ಹೋಗುತ್ತದೆ, ಕಂಡವನಾದರೆ ಮುಖವೇ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಅವನು ಸುಮ್ಮನಿದ್ದ. ಸುಮ್ಮನಿದ್ದದ್ದು ಸುಳ್ಳು ಹೇಳಿದ ಹಾಗಲ್ಲ ಎಂಬ ಒಂದು ಎಳೆಯನ್ನು ಹಿಡಿದುಕೊಂಡು ಮೂರು ವಾರ ಜೋತುಬಿದ್ದಿದ್ದ. ಚಹದಂಗಡಿಯವನು ಗ್ಲಾಸನ್ನು ಮೇಜಿನ ಮೇಲಿಡದೆ ಅವನ ಕೈಗೇ ಕೊಡತೊಡಗಿದ. ರಸ್ತೆ ದಾಟುವಾಗ ಗುರುತಿಲ್ಲದವರು ರಟ್ಟೆ ಹಿಡಿದರು. ಮನೆಯಲ್ಲಿ ಮಾತ್ರ ಒಂದು ಸಂಜೆ ಹೆಂಡತಿ ಸೂಜಿ ಚಾಚಿದಾಗ, ಎಲ್ಲೋ ಯೋಚನೆಯಲ್ಲಿದ್ದವನು ಒಂದೇ ಸಲಕ್ಕೆ ದಾರ ಪೋಣಿಸಿ ಕೊಟ್ಟುಬಿಟ್ಟ. ಅವಳು ಸೂಜಿಯನ್ನು ನೋಡಿದಳು, ಅವನನ್ನು ನೋಡಿದಳು, ಗುಂಡಿ ಹೊಲಿಯತೊಡಗಿದಳು. ಅಂದಿನಿಂದ ಅವನಿಗೆ ಮನೆಗೆ ಹೋಗಲೂ ಹೆದರಿಕೆ. ಈಗ ಪ್ರಣಿತಾ ಹೊನ್ನಾವರದ ಕಣ್ಣಿನ ಡಾಕ್ಟರಲ್ಲಿ ಹೆಸರು ಬರೆಸಿದ್ದಾಳೆ, ನಾಳೆ ತಾನೇ ಕಾರಿನಲ್ಲಿ ಕರೆದೊಯ್ಯುತ್ತಾಳೆ. ಅಲ್ಲಿ ಗೋಡೆಯ ಮೇಲೆ ಅಕ್ಷರದ ಹಲಗೆ ಇರುತ್ತದೆ. ಅವಳು ಪಕ್ಕದಲ್ಲೇ ನಿಂತಿರುತ್ತಾಳೆ. ಅವನು ಕೊನೆಯ ಸಾಲಿನವರೆಗೂ ಓದಿಬಿಡುತ್ತಾನೆ. ಅದಕ್ಕಿಂತ ಮೊದಲು ಒಬ್ಬನಿಗಾದರೂ ಬಾಯಿಬಿಟ್ಟು ಹೇಳಬೇಕು, ಹೇಳುವುದಾದರೆ ಮಾಬ್ಲನಿಗೆ, ಎಂದು ಇವತ್ತು ಬೆಳಿಗ್ಗೆ ಬಸ್ಸು ಹತ್ತಿದ್ದ. ಯಾರ ತಪ್ಪೋ ಅವರ ಕಾಲು. ಹನ್ನೆರಡನೆಯ ದಿನದ ಊಟಕ್ಕೂ ಅವನು ಹೋಗಿರಲಿಲ್ಲ.

ಮಾಬ್ಲ ಅಂಗಳದಲ್ಲಿ ಕೂತು ಮುರಿದ ಕತ್ತಿಗೆ ಹಿಡಿ ಹಾಕುತ್ತಿದ್ದ. ತಲೆ ಬೋಳಿಸಿದ್ದು ಅರ್ಧ ಬೆಳೆದು ಬೂದಿ ಬಳಿದ ಹಾಗಿತ್ತು. ರಮಾನಂದನನ್ನು ಕಂಡವನೇ ಕತ್ತಿ ಕೆಳಗಿಟ್ಟು ಎದ್ದು ಬಂದು ಅವನ ಕೈ ಹಿಡಿದುಕೊಂಡ.

“ಬಾ ಮಾರಾಯಾ. ಒಬ್ನೇ ಬಂದ್ಯಾ? ಬಸ್ಸಿಂದ ಹೆಂಗೆ ಇಳ್ದೆ ನೀನು?”

“ಇಳ್ದೆ” ಎಂದ ರಮಾನಂದ.

“ಇಲ್ಲಿ ಕೂತ್ಕೋ. ಹಿಂದೆ ಗ್ವಾಡೆ ಅದೆ, ಒರಗಿ ಕೂತ್ಕೋ.”

ಹಿಂದೆ ಗೋಡೆ ಇರುವುದು ರಮಾನಂದನಿಗೆ ಕಾಣುತ್ತಿತ್ತು. ಗೋಡೆಯ ಮೇಲೆ ಕಲ್ಪನಾಳ ಫೋಟೋ, ಅದಕ್ಕೆ ಹಾಕಿದ ಪ್ಲಾಸ್ಟಿಕ್ಕಿನ ಹಾರದಲ್ಲಿ ಒಂದು ಹೂವು ತಲೆಕೆಳಗಾಗಿದ್ದು ಕಾಣುತ್ತಿತ್ತು. ಕೂತ. ಮಾಬ್ಲ ಒಳಗೆ ಹೋಗಿ ಬೆಲ್ಲ, ನೀರು ತಂದ; ಲೋಟವನ್ನು ಅವನ ಎರಡೂ ಕೈಯೊಳಗೆ ಇಟ್ಟು, ಗಟ್ಟಿ ಹಿಡಿದನೆಂದು ಖಾತ್ರಿಯಾದ ಮೇಲೆ ಬಿಟ್ಟ. ಹೆಂಡತಿ ಸತ್ತವನು ತನಗೆ ಉಪಚಾರ ಮಾಡುತ್ತಿದ್ದಾನೆ. ನಾಚಿಕೆಯಿಂದ ರಮಾನಂದ ಲೋಟವನ್ನು ಹಾಗೇ ಕೆಳಗಿಟ್ಟ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡೇ ಬಂದಿದ್ದ: ನನಗೆ ಕಂಡಿತ್ತು ಮಾಬ್ಲಾ, ಕಂಡೂ ಬಿಟ್ಟೆ, ಆ ಹುಡುಗಿಯ ಮೇಲಿನ ಸಿಟ್ಟಿಗೆ ಬಿಟ್ಟೆ. ಒಂದು ಅಕ್ಷರವೂ ತಪ್ಪಿರಲಿಲ್ಲ. ಬಾಯಿ ತೆರೆದ.

“ನಂಗೆ ಗೊತ್ತದೆ, ಎಂತಕೆ ಬಂದೆ ಹೇಳಿ” ಎಂದ ಮಾಬ್ಲ. “ನೀ ಎಂತದೂ ಹೇಳೂದು ಬೇಡ. ಮೊದ್ಲು ಇಲ್ಲಿ ಬಾ.”

ಎಬ್ಬಿಸಿ, ತೋಳು ಹಿಡಿದು, ಬಾವಿಯ ಕಡೆ ಕರೆದೊಯ್ದ. ಅಲ್ಲಿ, ತುಳಸಿಕಟ್ಟೆಯಿಂದ ದೂರ, ಬಟ್ಟೆ ಒಗೆಯುವ ಕಲ್ಲಿನ ಆಚೆ, ಬಾಯಿ ಕತ್ತರಿಸಿದ ಒಂದು ಎಣ್ಣೆ ಡಬ್ಬಿಯಿತ್ತು. ಡಬ್ಬಿಯ ತುಂಬ ಮಣ್ಣು. ಮಣ್ಣಿನ ಮೇಲೆ ಎರಡೆರಡು ಎಲೆಯ ಏಳು ಸಸಿಗಳು.

“ಕಾಗದ ಹಂಚಿ ಮುಗ್ದ ಮೇಲೆ ಒಂದು ಉಳೀತು. ಉಳಿದದ್ದನ್ನ ಹರೀಬೇಕಲ್ದಾ, ಹರಿಯೂಕೆ ಹೋದೆ. ಹರೀಲೇ ಇಲ್ಲ ಮಾರಾಯಾ. ಒಳಗೆ ನಾರು. ಎಳೆದ್ರೆ ಉದ್ದ ಆಗ್ತದೆ, ಹರಿಯೂದಿಲ್ಲ. ಅದ್ರ ಮೇಲೆ ಅವಳ ಫೋಟೋ ಬೇರೆ. ಮೋರೆ ಎಳ್ದು ಹಿಗ್ಗಿಸ್ದಾಂಗೆ ಆತು. ಆಮೇಲೆ ಕೆಳಗೆ ಓದ್ದೆ. ನೆಡಿ ಹೇಳಿ ಬರ್ದದೆ. ನೆಟ್ಟೆ.” 

ಅವನ ದನಿ ಏರಿಳಿಯಲಿಲ್ಲ. ಗದ್ದೆಯ ವಿಷಯ ಹೇಳುವ ಹಾಗೆ ಹೇಳಿದ.

“ಒಂಬತ್ತನೇ ದಿನಕ್ಕೆ ಹುಟ್ಟಿತು. ಬೆಳಿಗ್ಗೆ ಎದ್ದು ನೋಡೂಕೆ ಒಂದು ಆತು ನಂಗೆ. ನಮ್ಮ ಅಣ್ಣ ಹಮ್ಮಣ್ಣ ಹಿರೇಗುತ್ತಿಂದ ಬಂದವ ಕಂಡು ಬೈದ. ಸಾವಿನ ಕಾಗದ ಹುಟ್ಸಿ ಇಟ್ಕಂಡಿದ್ಯಲ್ಲ, ತಲೆ ಸರಿ ಅದೆಯಾ ಕೇಳ್ದ. ನಾಡ್ದು ತಿಂಗಳ ದಿನ. ಅದು ಇದ್ರೆ ತಾ ಈ ಅಂಗಳ ಮೆಟ್ಟೂದಿಲ್ಲ ಹೇಳಿ ಹೋಗಾನೆ. ಅಣ್ಣ ಬರದೆ ತಿಂಗಳ ಶಾಸ್ತ್ರ ಮಾಡೂದು ಹೆಂಗೆ? ಕೀಳ್ವಾ ಅಂದ್ರೆ ತುಳಸಿ, ಕೀಳೂಕಾಗ. ಇಡ್ವಾ ಅಂದ್ರೆ ಇದು.”

ರಮಾನಂದ ಸಸಿಗಳನ್ನು ನೋಡುತ್ತಿದ್ದ. ಏಳರಲ್ಲಿ ಒಂದು, ಅಂಚಿನದು, ಹುಟ್ಟುವಾಗ ತನ್ನ ಮೇಲಿದ್ದ ಕಾಗದದ ಚೂರನ್ನು ಹೊತ್ತುಕೊಂಡೇ ಎದ್ದಿತ್ತು. ಉಗುರಿನಷ್ಟು ಚೂರು, ಒಣಗಿ ಸುರುಟಿ ಎಲೆಯ ಮೇಲೆ ಟೋಪಿಯಂತೆ ನಿಂತಿತ್ತು. ಅದರ ಮೇಲೆ ಅಚ್ಚಿನ ಅಕ್ಷರವಿತ್ತು. ನಾಲ್ಕು ಅಡಿ ದೂರದಿಂದ ಅವನಿಗೆ ಕಂಡಿತು: ಲ್ಪ. ಒತ್ತು ಒಡೆದಿರಲಿಲ್ಲ.

“ನಾ ಹಮ್ಮಣ್ಣನ ಹತ್ರ ಒಂದು ಮಾತು ಹೇಳೇನೆ” ಎಂದು ಮಾಬ್ಲ ಅವನ ತೋಳನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡ. “ಜನ ಎಂತದೋ ಹೇಳ್ತಾರೆ, ಕಣ್ಣು ಹೋಗ್ಯದೆ, ತಪ್ಪಿ ಬಿದ್ದದ್ದು ಹೇಳಿ. ರಮಾನಂದ ನನ್ನ ಮದುವೆ ಕಾಗದದಾಗೆ ಒಂದು ತಪ್ಪು ಮಾಡ್ದ, ಇನ್ನೂರು ಮನೆ ನಡ್ದು ತಿದ್ದಿದ. ಆ ಮೇಲೆ ಕಣ್ಣು ಮಂಜಾದ್ರೂ ಅವನ ಕೈಂದ ತಪ್ಪು ಹೋಗೂದಿಲ್ಲ. ಅವಂಗೆ ಕಲ್ಪನಾ ಗುರ್ತಿತ್ತು. ಆ ಸಾಲು ಅಲ್ಲಿ ಅದೆ ಅಂದ್ರೆ ಅವ ನೋಡೇ ಬಿಟ್ಟದ್ದು. ಅವಳು ಈ ಅಂಗಳದಾಗೇ ಇರಲಿ ಹೇಳಿ ಬಿಟ್ಟದ್ದು. ಹಾಂಗೆ ಹೇಳ್ದೆ. ಅವ ಬಂದು ತನ್ನ ಬಾಯಿಂದ ಹೇಳ್ಲಿ, ಹಾಂಗಾದ್ರೆ ನಂದೇನೂ ತಕರಾರಿಲ್ಲ ಅಂದ ಹಮ್ಮಣ್ಣ. ಈಗ ನೀ ಹೇಳು. ನೋಡೇ ಬಿಟ್ಟದ್ದು ಅಲ್ದಾ?”

ಬಾವಿಯ ಕಟ್ಟೆಯ ಮೇಲೆ ಒಂದು ಕಾಗೆ ಕೂತಿತ್ತು. ಹೌದು ಎಂದರೆ ಸಾಕಾಗಿತ್ತು. ಅದೂ ನಿಜವೇ, ಮೂರು ವಾರದಿಂದ ಹೊತ್ತು ತಿರುಗಿದ ನಿಜ ಅದೇ. ಆದರೆ ಅವನು ತಂದ ಹೌದು ಬೇರೆ, ಮಾಬ್ಲ ಕೇಳುತ್ತಿದ್ದ ಹೌದು ಬೇರೆ. ಅವನು ತಂದ ಹೌದನ್ನು ಹೇಳಿದರೆ ಈ ಹಿಡಿದ ಕೈ ಬಿಟ್ಟುಹೋಗುತ್ತದೆ. ಮಾಬ್ಲ ಕೇಳಿದ ಹೌದನ್ನು ಹೇಳಿದರೆ ಇವನು ಕಾಲಿಗೆ ಬೀಳುತ್ತಾನೆ, ಮನೆಯೊಳಗೆ ಕರೆದು ಊಟ ಹಾಕುತ್ತಾನೆ, ಸಿಟ್ಟಿನಿಂದ ಒತ್ತಿದ ಹೆಬ್ಬೆಟ್ಟು ಪುಣ್ಯದ ಕೆಲಸವಾಗಿಬಿಡುತ್ತದೆ. ಅಷ್ಟಕ್ಕೇ ಮುಗಿಯುವುದೂ ಇಲ್ಲ. ಹಮ್ಮಣ್ಣನಿಂದ ಹಿರೇಗುತ್ತಿಗೆ, ಹಿರೇಗುತ್ತಿಯಿಂದ ಕುಮಟೆಗೆ, ರಮಾನಂದ ನೋಡಿಯೇ ಬಿಟ್ಟದ್ದಂತೆ ಎಂದು ನಾಳೆ ಹನ್ನೊಂದರೊಳಗೆ ಪ್ರಣಿತಾಳಿಗೆ ಮುಟ್ಟುತ್ತದೆ. ಅವನು ಕಾಲ ಬೆರಳುಗಳಿಂದ ನೆಲವನ್ನು ಒತ್ತಿಕೊಂಡ. ಇಲ್ಲದ ಪುಣ್ಯವನ್ನು ತಾನು ತೆಗೆದುಕೊಳ್ಳಬಾರದು ಎಂದು ಅವನಿಗೆ ಅನ್ನಿಸಿತು; ಅನ್ನಿಸಿದ್ದು ನಿಯತ್ತು ಎಂದು ಒಂದು ಕ್ಷಣ ನಂಬಿದ. ಅದು ನಿಯತ್ತಲ್ಲ, ಹೆದರಿಕೆ ಎಂದು ಆ ಕ್ಷಣ ಮುಗಿಯುವ ಮೊದಲೇ ಗೊತ್ತಿತ್ತು.

“ಇಲ್ಲ ಮಾಬ್ಲಾ” ಎಂದ. “ನಂಗೆ ಕಾಣ್ಲಿಲ್ಲ.”

ಇಷ್ಟು ದಿನ ಊರು ಹೇಳಿದ್ದ ಮಾತು, ಮೊದಲ ಸಲ ಅವನ ಬಾಯಿಂದ ಬಂತು.

ಮಾಬ್ಲ ಅವನ ಮುಖವನ್ನು ನೋಡಿದ. ನೋಡಿ, ಅವನ ಕಣ್ಣು ತನ್ನ ಮೇಲೆ ನಿಂತಿಲ್ಲದ್ದನ್ನು ಕಂಡು, ಕಾಣದವನ ಕಣ್ಣು ಹೀಗೇ ಇರುತ್ತದೆ ಎಂದುಕೊಂಡಿರಬೇಕು. “ಕಾಣ್ಲಿಲ್ಲ” ಎಂದು ಮೆಲ್ಲಗೆ ತಾನೂ ಒಮ್ಮೆ ಅಂದ. “ಆತು. ಹಾಂಗಾರೆ ತಪ್ಪೇ ಅದು. ತಪ್ಪಿದ್ದಲ್ಲಿ ತಿದ್ದಬೇಕು, ನಿಮ್ಮ ಪ್ರಭುಗಳೂ ಹೇಳ್ತಿದ್ರು.”

ಅವನು ಕುಕ್ಕರುಗಾಲಿನಲ್ಲಿ ಕೂತ. ಕೀಳುವ ಮೊದಲು ಸಸಿಗಳ ಕಡೆ ಕೈ ಮುಗಿದ. ಆಮೇಲೆ ಒಂದೊಂದಾಗಿ, ಬೇರು ಮುರಿಯದ ಹಾಗೆ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಎತ್ತಿದ. ಗದ್ದೆಯವನ ಕೈ, ನಾಟಿಯ ಸಸಿ ಕೀಳುವ ಕೈ. ಒಂದು ಎಲೆಯೂ ಹರಿಯಲಿಲ್ಲ. ರಮಾನಂದ ನಿಂತು ನೋಡುತ್ತಿದ್ದ. ಬೇಡ ಎನ್ನಲು ಇನ್ನೂ ಹೊತ್ತಿತ್ತು. ಆರು ಆಯಿತು. ಅಂಚಿನ ಸಸಿಯ ಹತ್ತಿರ ಕೈ ಹೋದಾಗ, ಅದರ ತಲೆಯ ಮೇಲೆ ಅವಳ ಹೆಸರಿದೆ ಮಾಬ್ಲಾ, ನೋಡಿ ಕೀಳು ಎನ್ನಬೇಕೆಂದು ಅವನು ಒಂದು ಹೆಜ್ಜೆ ಮುಂದಿಟ್ಟ. ಎನ್ನುವುದು ಹೇಗೆ? ಐವತ್ತು ದಾಟಿದ ಮಾಬ್ಲನಿಗೆ ಹತ್ತಿರದ್ದು ಸರಿಯಾಗಿ ಕಾಣುತ್ತಿರಲಿಲ್ಲ, ಕನ್ನಡಕ ಒಳಗಿತ್ತು. ಅವನ ಬೆರಳು ತಾಗಿದ್ದೇ ಕಾಗದದ ಚೂರು ಕೆಳಗೆ ಬಿತ್ತು. ಏಳನೆಯದನ್ನೂ ಎತ್ತಿ ಏಳನ್ನೂ ಅಂಗೈಯಲ್ಲಿ ಸೇರಿಸಿಕೊಂಡು ಬಾವಿಯ ಹಿಂದಿನ ಕಾಲುವೆಗೆ ಬಿಟ್ಟುಬಂದ. ಚೂರು ಅಲ್ಲೇ ಮಣ್ಣಿನ ಮೇಲೆ ಮಲಗಿತ್ತು. ಮಾಬ್ಲ ಡಬ್ಬಿಯನ್ನು ಬೋರಲು ಹಾಕಿದ.

“ಬಾ, ಬಸ್ಸಿಗೆ ಬಿಟ್ಟು ಬರ್ತೆ. ಒಬ್ನೇ ಹೋಗೂದು ಬೇಡ.”

ಅವನು ಹಿಡಿದ ಕೈಯಲ್ಲಿ ಇನ್ನೂ ಒದ್ದೆ ಮಣ್ಣಿತ್ತು. ಅದು ರಮಾನಂದನ ಅಂಗೈಗೂ ಹತ್ತಿತು. ಅಂಗಳದ ಕೊನೆಯಲ್ಲಿ, “ಇಲ್ಲೊಂದು ಮೆಟ್ಲು ಅದೆ, ಕಾಲು ಕೆಳಗಿಡು” ಎಂದ ಮಾಬ್ಲ. ರಮಾನಂದ ಕಾಲನ್ನು ಗಾಳಿಯಲ್ಲಿ ತಡವಿ ಕೆಳಗಿಟ್ಟ. ತಡವುವುದು ಅವನಿಗೆ ಸುಲಭವಾಗಿ ಬಂತು. “ಇಲ್ಲಿ ಕೆಸರು. ಈ ಬದಿಗೆ ಬಾ.” ಅವನು ಆ ಬದಿಗೆ ಬಂದ. ಎದುರಿಗೆ ಸಿಕ್ಕ ಹೆಂಗಸರಿಬ್ಬರು ದಾರಿ ಬಿಟ್ಟು ನಿಂತು, ಹೆಂಡತಿ ಸತ್ತವನು ಕಣ್ಣು ಹೋದವನನ್ನು ಕರೆದೊಯ್ಯುವುದನ್ನು ನೋಡಿ ಬಾಯಿಗೆ ಸೆರಗು ಹಿಡಿದುಕೊಂಡರು. ರಸ್ತೆಯ ಬದಿಯ ಕಲ್ಲಿನ ಮೇಲೆ ಇಬ್ಬರೂ ಕೂತರು. ಮಾಬ್ಲ ಕೈ ಬಿಡಲಿಲ್ಲ. “ನಾಳೆ ಹೊನ್ನಾವರಕ್ಕಂತೆ ಅಲ್ದಾ? ಪ್ರಣಿತಾ ಫೋನು ಮಾಡಿದಾಗ ಹೇಳಿತ್ತು. ಒಳ್ಳೇ ಹುಡುಗಿ ಅದು. ಸಮಾ ತೋರಿಸ್ಕೋ.” ಮನೆಯ ಕಡೆ ತಿರುಗಿ, “ಕಲ್ಪನಾ ಇದ್ದಿದ್ರೆ ನಿಂಗೆ ಊಟ ಹಾಕದೆ ಬಿಡ್ತಿರಲಿಲ್ಲ” ಎಂದ. ಆಗ ಮಾತ್ರ ಅವನ ದನಿ ಒಡೆಯಿತು.

ರಮಾನಂದ ನಾಳೆಯ ಹಲಗೆಯನ್ನು ಯೋಚಿಸುತ್ತಿದ್ದ. ದೊಡ್ಡ ಸಾಲುಗಳೆರಡನ್ನು ಸರಿಯಾಗಿ ಓದಬೇಕು. ಮೂರನೆಯದರಲ್ಲಿ ತಡವರಿಸಬೇಕು, ಪವನ್ನು ವ ಎನ್ನಬಹುದು, ಧವನ್ನು ದ ಎನ್ನಬಹುದು, ಡಾಕ್ಟರು ನಂಬುವಂಥ ತಪ್ಪುಗಳು. ಯಾವ ಅಕ್ಷರ ಯಾವುದರ ಹಾಗೆ ಕಾಣುತ್ತದೆಂದು ಅವನಷ್ಟು ಬಲ್ಲವರು ಈ ಕಡೆ ಯಾರೂ ಇರಲಿಲ್ಲ. ನಾಲ್ಕನೆಯದರಲ್ಲಿ ನಿಲ್ಲಿಸಬೇಕು. ಆಮೇಲೆ ಡಾಕ್ಟರು ಬೆಳಕು ಬಿಟ್ಟು ನೋಡಿದರೆ ಏನು ಮಾಡುವುದು ಎಂಬಲ್ಲಿಗೆ ಬಂದು ಯೋಚನೆ ಸಿಕ್ಕಿಹಾಕಿಕೊಂಡಿತು.

ಅಷ್ಟರಲ್ಲಿ ದೂರದ ತಿರುವಿನಲ್ಲಿ ಬಸ್ಸು ಕಂಡಿತು. ಹಣೆಯ ಮೇಲೆ ಕುಮಟಾ ಎಂದು ಬರೆದಿತ್ತು, ಟಾದ ದೀರ್ಘದ ಬಣ್ಣ ಅರ್ಧ ಕಿತ್ತುಹೋಗಿತ್ತು. ಬಸ್ಸು ಗದ್ದೆಯ ಬದಿಗೆ ಬಂತು, ಮೋರಿ ದಾಟಿತು. ಮಾಬ್ಲ ಹಣೆಗೆ ಕೈ ಅಡ್ಡ ಹಿಡಿದು, ಕುತ್ತಿಗೆ ಮುಂದೆ ಚಾಚಿ, ಓದಲು ನೋಡುತ್ತಿದ್ದ. ರಮಾನಂದ ತಲೆ ತಗ್ಗಿಸಿ ಕಾಯ್ದ.

“ಕುಮಟೆಗೇ ಹೋಗೂದು ಇದು” ಎಂದ ಮಾಬ್ಲ ಕೊನೆಗೆ.

“ಹೌದಾ” ಎಂದ ರಮಾನಂದ, ಮತ್ತು ಅವನು ಎಬ್ಬಿಸುವವರೆಗೆ ಕೂತೇ ಇದ್ದ.